ಬೆಟ್ಟದ ಚರ್ಚಿನ ಹೊಸ್ತಿಲು

ಅಧ್ಯಕ್ಷತೆ ವಹಿಸಿರುವ ಫಾದರ್ ಚೌರಪ್ಪನವರೇ, ವೇದಿಕೆಯ ಗಣ್ಯರೇ, ಬಿಸಿಲಲ್ಲಿ ಬೆಟ್ಟ ಹತ್ತಿ ಬಂದಿರುವ ಸಭಿಕರೇ, ಈ ಗೋಡೆಗಳನ್ನು ಎಬ್ಬಿಸಿದ ನನ್ನ ಕಟ್ಟಡ ಕಾರ್ಮಿಕ ಬಂಧುಗಳೇ,

ಎರಡು ಸಾವಿರದ ಆರರಲ್ಲಿ ದಿಬ್ಬೂರಹಳ್ಳಿ ಬೆಟ್ಟದ ಮೇಲೆ ಎದ್ದ ಈ ಸಂತ ಜೋಸೆಫರ ಚರ್ಚಿಗೆ ಇಂದು ಒಂದು ವರ್ಷ. ನಾನು ದೇವರನ್ನು ನಂಬುವವನಲ್ಲ, ಫಾದರ್‌ಗೂ ಗೊತ್ತು. ಆದರೂ ಕರೆದರು. ಜೋಸೆಫರು ಬಡಗಿ. ಈಗ ಇದ್ದಿದ್ದರೆ ನಮ್ಮ ಕಾರ್ಮಿಕ ಸಂಘದ ಕಾರ್ಡ್ ಕೊಟ್ಟೇಬಿಡುತ್ತಿದ್ದೆ!

ಈ ಚಾವಣಿ ನೋಡಿ. ಹಾರಲು ರೆಕ್ಕೆ ಎತ್ತಿದ ಹಾಗಿದೆ ಎಂದು ಪೇಪರಿನವರು ಬರೆದರು. ಆಗ ಲಾರಿ ಹತ್ತದಿದ್ದ ಬೆಟ್ಟಕ್ಕೆ ಆ ರೆಕ್ಕೆಯನ್ನು ಹೊತ್ತವರು ಯಾರು? ಬಾಂಡ್ಲಿ ಬಾಂಡ್ಲಿಯಾಗಿ ಕಾಂಕ್ರೀಟು ಹೊತ್ತವರು ಯಾರು? ಹೆಂಗಸರು. ಅವರಲ್ಲೊಬ್ಬಳು ಮಂಗಮ್ಮ, ನನ್ನ ತಾಯಿ.

ನಕ್ಷೆಯಲ್ಲಿ ಬಾಗಿಲಿಗೆ ಹೊಸ್ತಿಲಿರಲಿಲ್ಲ. ಗಾಲಿಕುರ್ಚಿ ಸಲೀಸಾಗಿ ಬರಲಿ ಎಂದು. ಮೇಸ್ತ್ರಿ ಮುನಿಶಾಮಿ ಮೂವತ್ತು ವರ್ಷದ ರೂಢಿಯಲ್ಲಿ ಕಲ್ಲಿನ ಹೊಸ್ತಿಲು ಕೂರಿಸಿಯೇಬಿಟ್ಟ. ಹೆಂಗಸರು ಅರಿಶಿನ ಕುಂಕುಮ ಇಟ್ಟೇಬಿಟ್ಟರು. ಉದ್ಘಾಟನೆಯ ದಿನ ಅವರಲ್ಲಿ ಒಬ್ಬರೂ ಒಳಗೆ ಬರಲಿಲ್ಲ. ಯಾಕೆ? ಹೊಸ್ತಿಲ ಪೂಜೆಯಾದ ಮೇಲೆ ಕಟ್ಟಿದವರು ಹೊರಗೇ! ಯಾವ ಸರ್ಕಾರವೂ ಬರೆಯದ ಕಾನೂನು ಇದು.

ನಾನು ಕೂಗಿದೆ: "ಒಳಕ್ಕೆ ನಡೀರಿ, ಇದು ನಿಮ್ಮ ಹಕ್ಕು!"

"ಕೂಗ್ದೆ ಮಾತಾಡಕ್ಕೇ ಬರಲ್ವೇನಪ್ಪ ನಿಂಗೆ?" ಎಂದಳು ಅಮ್ಮ.

ಫಾದರ್ ಹೊಸ್ತಿಲು ಕೀಳಿಸುತ್ತೇನೆ ಎಂದರು. ಮುನಿಶಾಮಿಯ ಮುಖ ಬಾಡಿತು. ಅಮ್ಮ ತಡೆದಳು: "ಕಲ್ಲೇನ್ ಮಾಡೈತೆ ಫಾದರ್? ಗಾಲಿಕುರ್ಚಿಗೊಂದು ಹಲಗೆ ಹಾಕ್ಸಿ. ನೀವೇ ಈಚೆ ಬನ್ನಿ, ನಮ್ ಜತೆ ಒಂದ್ ಮುದ್ದೆ ಉಣ್ಣಿ."

ಫಾದರ್ ಬಂದರು. ನೆಲದ ಮೇಲೆ ಕೂತು ಉಂಡರು. ಅಮ್ಮ ಕೈ ತೊಳೆದು, "ಈಗ ನಡೀರಿ" ಎಂದು ಅವರ ಜೊತೆ ಹೊಸ್ತಿಲು ದಾಟಿದಳು. ಕೈ ಮುಗಿಯಲಿಲ್ಲ. ಚಾವಣಿ ನೋಡಿ, "ಸೋರಲ್ಲ ತಾನೆ?" ಎಂದು ಕೇಳಿ, ಮುಂದಿನ ಬೆಂಚಿನಲ್ಲೇ ಕೂತಳು. ಇವತ್ತೂ ಅಲ್ಲೇ ಕೂತಿದ್ದಾಳೆ.

ಮಂಚೇನಹಳ್ಳಿಯಲ್ಲಿ ನಾನೂ ಮನೆ ಕಟ್ಟಿಸಿದೆ. ಮೂರು ವರ್ಷವಾಯಿತು. ಗೃಹಪ್ರವೇಶಕ್ಕೆ ಹೋರಾಟದ ಗೆಳೆಯರೆಲ್ಲ ಬಂದರು. ಅವರಿಗೆ ಒಳಗೆ ಊಟ, ಕೆಲಸದವರಿಗೆ ಹಿತ್ತಲಲ್ಲಿ. ಏನು ಮಾಡುವುದು, ಜಾಗ ಸಾಲಲಿಲ್ಲ... ಅಲ್ಲ, ಸುಳ್ಳು. ಜಾಗ ಇತ್ತು. ಅಮ್ಮ ಹಿತ್ತಲ ಸಾಲಿನಲ್ಲೇ ಕೂತು ಉಂಡಳು. ಅಂದಿನಿಂದ ಬಂದರೆ ಜಗಲಿಯಲ್ಲೇ ಕೂತು ಎದ್ದುಹೋಗುತ್ತಾಳೆ. ಒಳಗೆ ಬಾ ಅಂದರೆ, "ಇಲ್ಲೇ ಗಾಳಿ ಚೆನ್ನಾಗೈತೆ ಬಿಡಪ್ಪ" ಅನ್ನುತ್ತಾಳೆ.

ಊರಿಗೆಲ್ಲ ಹಕ್ಕು ಹೇಳಿದವನ ಮನೆಯ ಸ್ಥಿತಿ ಇದು!

ಆ ಮನೆ ಕಟ್ಟಿದ ವೆಂಕಟೇಶ್, ವರಲಕ್ಷ್ಮಮ್ಮ ಇಲ್ಲೇ ಇದ್ದಾರೆ. ಬರುವ ಭಾನುವಾರ, ನಿಮ್ಮ ಇಡೀ ತಂಡಕ್ಕೆ ನನ್ನ ಮನೆಯ ನಡುಮನೆಯಲ್ಲಿ ಊಟ. ಬಡಿಸುವವನು ನಾನು, ಉಣ್ಣುವುದೂ ನಿಮ್ಮ ಸಾಲಿನಲ್ಲೇ. ಅಮ್ಮ, ಒಳಗೆ ಬರ್ತೀಯಾ?

ಏನಂದೆ?... "ಮುದ್ದೆ ನೀನೇ ತೊಳಸ್ತೀಯಾ" ಎಂದು ಕೇಳುತ್ತಿದ್ದಾಳೆ. ತೊಳಸ್ತೀನಿ ಕಣಮ್ಮ! ಗಂಟಾದರೂ ಉಣ್ಣಬೇಕು.

ತಲೆ ಆಡಿಸಿದಳು. ಎಲ್ಲರೂ ನೋಡಿದಿರಲ್ಲ? ನೀವೇ ಸಾಕ್ಷಿ.

ಇನ್ನು ಭಾಷಣ ಸಾಕು, ಅಡುಗೆ ಕಲಿಯಬೇಕು. ಕರೆದ ಫಾದರ್‌ಗೆ, ಕೇಳಿದ ನಿಮಗೆ ನಾನು ಋಣಿ. ನಮಸ್ಕಾರ.