ಒಂದಾಗಿಸಿದ ಕಡತ

ದೀಪ ಹಾಗೇ ಉರಿಯುತ್ತಿರಲಿ. ಇದರಲ್ಲಿ ಅರ್ಧ ನನ್ನ ದೊಡ್ಡಪ್ಪನ ಮಗ ವರ್ಲಿನ್‌ಗೆ ಆದದ್ದು; ಉಳಿದರ್ಧ ನನ್ನ ಕಣ್ಣೆದುರೇ ಆದದ್ದು.

ಕಳೆದ ನವೆಂಬರ್. ರಾತ್ರಿ ಒಂಬತ್ತಕ್ಕೆ ತರಗತಿ ಬಿಟ್ಟಿತ್ತು. ಕಾಲೇಜಿನಿಂದ ನಮ್ಮ ಕಣಿವೆಗೆ ಬರುವ ದಾರಿಯಲ್ಲಿ ಹಳೆಯ ಗಣಿ ಕಾಲೊನಿಯ ಬಾವಿಯಿದೆ. ಬಾಯಿಗೆ ಕಾಂಕ್ರೀಟು ಮುಚ್ಚಿ, ಮೇಲೆ ಕೈಪಂಪನ್ನು ಮಾತ್ರ ಬಿಟ್ಟಿದ್ದಾರೆ. ವರ್ಲಿನ್ ಹತ್ತಿರ ಬಂದಾಗ ಅದರ ಹಿಡಿ ಆಡುತ್ತಿತ್ತು. ಕಿರ್ರ್... ಟಕ್. ಕಿರ್ರ್... ಟಕ್. ನೀರು ಬೀಳುವ ಸದ್ದು ಮಾತ್ರ ಇಲ್ಲ.

ಅದಕ್ಕೆ ಮುನ್ನ ತರಗತಿಯಲ್ಲಿ ನಡೆದದ್ದನ್ನು ಹೇಳಬೇಕು.

ಗಣಿ ಮುಚ್ಚಿದ ಮೇಲೆ ನಮ್ಮಲ್ಲಿ ಹದಿನಾಲ್ಕು ಜನರನ್ನು ಆಸ್ಪತ್ರೆಯ ಕಂಪ್ಯೂಟರ್ ದಾಖಲೆಗಳ ತರಬೇತಿಗೆ ಸೇರಿಸಿಕೊಂಡರು. ವರ್ಷದ ಪಾಠವನ್ನು ಹನ್ನೆರಡು ವಾರಕ್ಕೆ ಇಳಿಸಿದ್ದರು. ಕೊನೆಯ ವಾರ ಅಭ್ಯಾಸ ನಿಜವಾದ ಕಡತಗಳ ಮೇಲೆ: ಒಬ್ಬನೇ ರೋಗಿಗೆ ಎರಡು ಕಡತಗಳಿದ್ದರೆ ಕೂಡಿಸಿ ಒಂದು ಮಾಡುವುದು. ಮೂರು ತಪ್ಪಾದರೆ ಪ್ರಮಾಣಪತ್ರವಿಲ್ಲ. ವರ್ಲಿನ್‌ನದು ಆಗಲೇ ಎರಡಾಗಿತ್ತು.

"ವರ್ಲಿನ್, ಅದು ಕೀಬೋರ್ಡು, ಗುದ್ದಲಿ ಅಲ್ಲ," ಎಂದಿದ್ದರು ಶಿಕ್ಷಕಿ ಟ್ಯಾಕೆಟ್.

"ಗುದ್ದಲಿ ಇಷ್ಟು ಕಾಟ ಕೊಡ್ತಿರ್ಲಿಲ್ಲ ಬಿಡಿ ಮೇಡಮ್."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಹೆಂಡತಿ ಓಪಲ್‌ಗೆ ಕ್ಯಾನ್ಸರ್. ಗಣಿ ಕೊಟ್ಟಿದ್ದ ಹಳೆಯ ವಿಮೆ ಡಿಸೆಂಬರಿಗೆ ಮುಗಿಯುತ್ತಿತ್ತು. ಕೆಲಸ ಸಿಕ್ಕರೆ ಮಾತ್ರ ಹೊಸದು.

ಆ ಸಂಜೆ ಅವನೆದುರು ಎರಡು ಕಡತಗಳು ಬಂದವು. ನವಜಾತ ಹೆಣ್ಣು, ಹೆಸರಿಲ್ಲ. ಎರಡರಲ್ಲೂ ತಾಯಿ ಒಬ್ಬಳೇ, ಹೆರಿಗೆಯಲ್ಲೇ ತೀರಿಕೊಂಡವಳು; ಹುಟ್ಟಿದ ದಿನವೂ ಒಂದೇ. ಕೂಡಿಸಿಬಿಟ್ಟ. ಒತ್ತಿದ ಮೇಲೆ ಹುಟ್ಟಿದ ಸಮಯ ಕಂಡಿತು: ನಡುವೆ ಹದಿನಾರು ನಿಮಿಷ. ಅವಳಿಗಳು. ಅವಳಿಗಳ ಬಗ್ಗೆ ಆ ಹನ್ನೆರಡು ವಾರಗಳಲ್ಲಿ ನಮಗೆ ಒಂದು ವಾಕ್ಯವನ್ನೂ ಕಲಿಸಿರಲಿಲ್ಲ. ಉತ್ತೀರ್ಣರ ಸಂಖ್ಯೆಯನ್ನು ಯಾವ ನಮೂನೆಯಲ್ಲಿ ಸರ್ಕಾರಕ್ಕೆ ಕಳಿಸಬೇಕೆಂಬುದು ಮಾತ್ರ ತರಬೇತಿ ನಡೆಸುವವರಿಗೆ ಚೆನ್ನಾಗಿ ಗೊತ್ತಿತ್ತು.

ಬೇರ್ಪಡಿಸುವ ಅಧಿಕಾರ ಟ್ಯಾಕೆಟ್ ಒಬ್ಬರಿಗೇ ಇತ್ತು. ಹೇಳಿದರೆ ಮೂರನೆಯ ತಪ್ಪು. ವರ್ಲಿನ್ ಕೋಟು ಹಾಕಿಕೊಂಡು ಹೊರಟುಬಿಟ್ಟ.

ಪಂಪಿನ ಬಳಿ ಆಸ್ಪತ್ರೆಯ ನಿಲುವಂಗಿ ತೊಟ್ಟ ಹೆಂಗಸು. ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಬರಿಗಾಲು.

"ಯಾರಮ್ಮಾ?"

"ನಾನು ಇಬ್ಬರನ್ನ ಹೆತ್ತೆ..." ಪಿಸುದನಿ. ತಲೆ ಎತ್ತಲಿಲ್ಲ. "ನೀನು ಒಬ್ಬಳನ್ನ ಇಟ್ಕೊಂಡೆ. ಇನ್ನೊಬ್ಬಳೆಲ್ಲಿ?"

"ಬೆಳಿಗ್ಗೆ ಹೇಳಿ ಸರಿ ಮಾಡಿಸ್ತೀನಿ, ತಾಯಿ."

"ಹೇಳ್ತೀಯಾ?"

"...ಹೇಳ್ತೀನಿ."

ಹಿಡಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ಓಪಲ್ ಎಲ್ಲವನ್ನೂ ಕೇಳಿಸಿಕೊಂಡಳು. "ಹೇಳ್ಬಿಡು ಕಣೋ. ಸತ್ತೋರಿಗೆ ಮಾತು ಕೊಟ್ಟು ತಪ್ಪೋದಾ?"

"ಹೇಳಿದ್ರೆ ನೀನು ಉಳಿಯಲ್ಲ ಕಣೇ."

ಅವಳು ಗೋಡೆಯ ಕಡೆ ಹೊರಳಿದಳು. ಅವನು ಹೇಳಲಿಲ್ಲ.

ಪ್ರಮಾಣಪತ್ರ ಬಂತು. ಕೆಲಸ ಬಂತು, ವಿಮೆ ಬಂತು. ನನಗೂ ಅದೇ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ, ರೋಗಿಗಳನ್ನು ದಾಖಲಿಸುವ ಮೇಜಿನ ಕೆಲಸ ಸಿಕ್ಕಿತು. ಜನವರಿಯ ಮೊದಲ ಸೋಮವಾರ ಓಪಲ್ ಔಷಧಕ್ಕೆ ಬಂದಳು. ಅವಳ ರೋಗಿ ಸಂಖ್ಯೆಯನ್ನು ನಾನೇ ಒತ್ತಿದೆ. ಪರದೆಯ ಮೇಲೆ ಮೂಡಿದ್ದು: ನವಜಾತ ಹೆಣ್ಣು. ಹೆಸರಿಲ್ಲ. ತೂಕ ನಾಲ್ಕು ಪೌಂಡ್.

ಔಷಧದ ಪ್ರಮಾಣ ತೂಕದ ಮೇಲೆ ನಿಗದಿಯಾಗುತ್ತದೆ. ಕಂಪ್ಯೂಟರು ಒಪ್ಪಿದರೆ ಮಾತ್ರ ತೆರೆಯುವ ಔಷಧದ ಕಪಾಟು ತೆರೆಯಲೇ ಇಲ್ಲ.

"ನನ್ನ ನೋಡಿದ್ರೆ ಕೂಸಿನ ಹಾಗೆ ಕಾಣ್ತೀನೇನೋ?" ಎಂದಳು ಓಪಲ್.

ವರ್ಲಿನ್ ಅಂದೇ ನನ್ನನ್ನೂ ಕರೆದುಕೊಂಡು ಟ್ಯಾಕೆಟ್ ಬಳಿ ಓಡಿ ಎಲ್ಲವನ್ನೂ ಒಪ್ಪಿಕೊಂಡ. ಅವರು ನನ್ನೆದುರೇ ಕಂಪ್ಯೂಟರಿನಲ್ಲಿ ಹುಡುಕಿದರು. "ನೀನು ಏನನ್ನೂ ಕೂಡಿಸಿಲ್ಲಪ್ಪಾ," ಎಂದರು. "ಇಲ್ಲದ್ದನ್ನ ನಾನು ಹೇಗೆ ಬಿಡಿಸಲಿ?"

ಅಂದಿನಿಂದ ಪ್ರತಿ ಸೋಮವಾರ ನಾನು ಓಪಲ್‌ಗೆ ಹೊಸ ಕಡತ ತೆರೆಯುತ್ತೇನೆ. ಔಷಧಕ್ಕೆ ಒಪ್ಪಿಗೆ ಬರುವಷ್ಟರಲ್ಲಿ ಅದು ಇರುವುದಿಲ್ಲ. ಕೂಸಿನದು ಇರುತ್ತದೆ.

ಕಳೆದ ಸೋಮವಾರ ಅದರಲ್ಲಿ ಹೊಸ ತೂಕ ಬಿದ್ದಿತ್ತು: ಹನ್ನೊಂದು ಪೌಂಡ್ ಎರಡು ಔನ್ಸ್. ಕೂಸು ಬೆಳೆಯುತ್ತಿದೆ. ನಂಬದಿದ್ದರೆ ಬಿಡಿ, ಎದುರಿಗಿದ್ದವನು ನಾನು. ಅಂದು ತೂಕದ ಯಂತ್ರದ ಮೇಲೆ ನಿಂತದ್ದು ಓಪಲ್ ಒಬ್ಬಳೇ.