ಹದಿನೆಂಟು ಎಣಿಸುವಷ್ಟು ಉಸಿರು

ನೆರೆಯವರಿಗೆ ಆಸರೆಯಾಗಬೇಕು ಎಂದು ಈ ಚರ್ಚಿನ ಪೀಠದಲ್ಲಿ ನಿಂತು ಇಷ್ಟು ಹೊತ್ತು ಹೇಳಿದೆ. ನೀವೂ ತಲೆ ಆಡಿಸಿದಿರಿ. ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರ ತಲೆ ನಿದ್ದೆಗೂ ಆಡುತ್ತಿತ್ತು, ಇರಲಿ. ಆಸರೆ ಕೊಡುವ ಮಾತು ಎಲ್ಲರಿಗೂ ಹಿಡಿಸುತ್ತದೆ. ಆಸರೆ ತೆಗೆದುಕೊಳ್ಳುವ ಮಾತು ಬಂದಾಗ ಯಾರೂ ತಲೆ ಆಡಿಸುವುದಿಲ್ಲ. ಏಕೆ? ಅದಕ್ಕೊಂದು ಕಥೆ ಇದೆ, ಕೇಳಿ.

ಒಂದು ಪೇಟೆ. ಆ ಪೇಟೆಯಲ್ಲೊಬ್ಬ ಸಾಹುಕಾರ. ಅವನ ಹೆಸರು ಬೇಡ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು ಅವನ ನೆಂಟಸ್ತಿಕೆ ಹುಡುಕುತ್ತೀರಿ. ಅವನಿಗೆ ಮರ ಕೊಯ್ಯುವ ಮಿಲ್ಲಿತ್ತು, ಎರಡು ಅಂತಸ್ತಿನ ಮನೆಯಿತ್ತು, ಎಣ್ಣೆ ಹಚ್ಚಿ ತಿರುವಿದ ಮೀಸೆಯಿತ್ತು. ಇವೆಲ್ಲಕ್ಕಿಂತ ಅವನಿಗೆ ಹೆಮ್ಮೆ ಯಾವುದರದು ಗೊತ್ತೆ? ಉಸಿರಿನದು. ನೋಡಿ, ನಮಗೆಲ್ಲ ಪುಕ್ಕಟೆ ಸಿಕ್ಕಿದ್ದು! ಅದರ ಮೇಲೆ ಅವನಿಗೆ ಅಷ್ಟು ಹೆಮ್ಮೆ.

ಆ ಊರಿನ ಚರ್ಚಿಗೆ ಒಂದು ಬ್ಯಾಂಡು. ಹಿತ್ತಾಳೆ ವಾದ್ಯಗಳು, ಹದಿನಾಲ್ಕು ಜನ. ದೊಡ್ಡ ಡ್ರಮ್ಮಿಗೆ ದರ್ಜಿ, ಉದ್ದಕ್ಕೆ ಎಳೆದು ನೂಕುವ ಟ್ರಾಂಬೋನಿಗೆ ಅಂಚೆಯವನು. ಅವನು ಜೋರಾಗಿ ನೂಕಿದನೆಂದರೆ ಮುಂದೆ ಕೂತವರ ಟೋಪಿ ಹಾರಬೇಕು. ಕಾರ್ನೆಟ್ ಎಂಬ ಗಿಡ್ಡ ಕಹಳೆಗೆ ನಮ್ಮ ಸಾಹುಕಾರ. ಅವನ ಪಕ್ಕದಲ್ಲಿ ಇನ್ನೊಂದು ಕಾರ್ನೆಟ್ ಹಿಡಿದವನು ಬೀದಿ ಬೀದಿ ಸುತ್ತಿ ಪಾತ್ರೆಗೆ ಕಲಾಯಿ ಹಾಕುವವನು, ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕುವವನು. ಮಿಲ್ಲಿನ ಯಜಮಾನ ಮತ್ತು ಕಲಾಯಿಯವನು, ಇಬ್ಬರಿಗೂ ಒಂದೇ ಸ್ಟ್ಯಾಂಡು, ಒಂದೇ ಸ್ವರದ ಹಾಳೆ. ಚರ್ಚಿನ ಹೊರಗೆ ಅವರು ಒಂದು ಬೆಂಚಿನ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ.

ಬ್ಯಾಂಡ್ ಮಾಸ್ತರರು ಹಳೆಯ ಕಾಲದವರು, ಕಟ್ಟುನಿಟ್ಟು. ಅವರದೊಂದು ನಿಯಮ. ಒಂದು ಸ್ವರವನ್ನು ಇಬ್ಬರು ನುಡಿಸುತ್ತಿದ್ದರೆ ಇಬ್ಬರೂ ಒಟ್ಟಿಗೆ ಉಸಿರು ಎಳೆಯಬಾರದು. ಒಬ್ಬ ಎಳೆಯುವಾಗ ಇನ್ನೊಬ್ಬ ಊದುತ್ತಿರಬೇಕು. ಇವನು ಮುಗಿಸಿದ ಮೇಲೆ ಅವನು. ಹಾಗೆ ಮಾಡಿದರೆ ಕೇಳುವವರಿಗೆ ದನಿ ಎಲ್ಲಿಯೂ ಕಡಿಯುವುದಿಲ್ಲ. ಅದಕ್ಕಾಗಿ ಮಾಸ್ತರರು ಹಾಳೆಯ ಮೇಲೆ ಗುರುತು ಹಾಕುತ್ತಿದ್ದರು. ಬಲಗಡೆ ಕೂತವನು ಉಸಿರು ಎಳೆಯುವ ಕಡೆ ಕೆಂಪು ಪೆನ್ಸಿಲ್ಲು, ಎಡಗಡೆಯವನಿಗೆ ನೀಲಿ ಪೆನ್ಸಿಲ್ಲು. ಇಬ್ಬರೂ ಮರೆತು ಒಟ್ಟಿಗೆ ಎಳೆದರೆ ಮಾಸ್ತರರು ಕೋಲು ಬಡಿದು ಕೂಗುತ್ತಿದ್ದರು, "ತೂತು! ಹಾಡಿಗೆ ತೂತು ಬಿತ್ತು!"

ಕೆಂಪು ಗುರುತು ಸಾಹುಕಾರನದು. ಅದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ನನ್ನ ಉಸಿರಿಗೆ ಇನ್ನೊಬ್ಬನ ಕಾವಲೇ?" ಎನ್ನುತ್ತಿದ್ದ.

ಈ ಹೆಮ್ಮೆಗೆ ನೀರೆರೆದವರು ಯಾರು? ಅವನ ಹೆಂಡತಿ. ಆಕೆಗೆ ಸಂಜೆಯ ಪ್ರಾರ್ಥನೆಯ ಒಂದು ಹಾಡು ಬಹಳ ಇಷ್ಟ. ಆ ಹಾಡಿನ ಕೊನೆಗೆ ಒಂದು ಉದ್ದನೆಯ ಸ್ವರ ಬರುತ್ತದೆ. ಮಾಸ್ತರರ ಕೈ ಮೇಲಿರುವ ತನಕ ಅದನ್ನು ಬಿಡುವಂತಿಲ್ಲ. ದಿನಾ ಸಂಜೆ ಸಾಹುಕಾರ ಜಗಲಿಯಲ್ಲಿ ನಿಂತು ಅದನ್ನು ಅಭ್ಯಾಸ ಮಾಡುವಾಗ ಆಕೆ ಅಡುಗೆಮನೆಯ ಕಿಟಕಿಯಲ್ಲಿ ಹಿಟ್ಟಿನ ಕೈ ಎತ್ತಿ ಬೆರಳು ಮಡಚಿ ಎಣಿಸುತ್ತಿದ್ದಳು. ಅವನು ಊದಿ ಊದಿ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದಾಗ ಆಕೆ ಕೂಗುವಳು, "ಹದಿನೆಂಟು ರೀ! ಇವತ್ತೂ ಹದಿನೆಂಟು!"

ಆದರೆ ಅಭ್ಯಾಸದ ಮನೆಯಲ್ಲಿ ಮಾಸ್ತರರು ಗಡಿಯಾರ ಹಿಡಿದು ನೋಡಿದರೆ ಹದಿನಾಲ್ಕು. ಯಾವಾಗ ನೋಡಿದರೂ ಹದಿನಾಲ್ಕು.

"ನಿಮ್ಮ ಗಡಿಯಾರ ಹಿಂದೆ ಬೀಳುತ್ತದೆ ಮಾಸ್ತರೇ, ರಿಪೇರಿ ಮಾಡಿಸಿ," ಎಂದು ಸಾಹುಕಾರ ಹೇಳುವನು.

"ಚರ್ಚಿನ ಗಂಟೆ ಹೊಡೆಯೋದೇ ಈ ಗಡಿಯಾರ ನೋಡಿ, ಸಾಹುಕಾರರೇ."

"ಹಾಗಾದರೆ ಚರ್ಚಿನ ಗಂಟೆಯೂ ತಪ್ಪು!"

ಹೀಗೆ ಕಾಲ ಹೋಯಿತು. ಒಂದು ಮಳೆಗಾಲ ಆಕೆಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ. ದೇವರು ಆಕೆಯನ್ನು ಕರೆದುಕೊಂಡ.

ನೋಡಿ, ಇಲ್ಲಿ ಆ ಮನುಷ್ಯನನ್ನು ಗಮನಿಸಿ. ಮಣ್ಣು ಮಾಡಿದ ಮರುದಿನ ಮಿಲ್ಲಿನ ಬಾಗಿಲು ತೆಗೆಸಿದ. ಬಂದವರು ಕೈ ಹಿಡಿದರೆ, "ನಾನು ಚೆನ್ನಾಗಿದ್ದೇನೆ," ಎಂದ. ಜೊತೆಗೆ ಸ್ವಲ್ಪ ಹೊತ್ತು ಕೂತಿರುತ್ತೇವೆ ಎಂದರೆ, "ಯಾಕೆ ತೊಂದರೆ?" ಎಂದ. ಕಲಾಯಿಯವನು ಮೂರನೆಯ ದಿನ ಫಳಫಳ ಹೊಳೆಯುವ ಪಾತ್ರೆಯಲ್ಲಿ ಬಿಸಿ ಗಂಜಿ, ಮೇಲೊಂದು ಉಪ್ಪಿನಕಾಯಿ ಹೋಳು ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತ. ಸಾಹುಕಾರ ಪಾತ್ರೆ ಮುಟ್ಟಲಿಲ್ಲ. "ನಮ್ಮ ಮನೇಲಿ ಅಡುಗೆಯವರಿದ್ದಾರಯ್ಯಾ," ಎಂದ. ಕಲಾಯಿಯವನು ಬಂದ ದಾರಿಯಲ್ಲೇ ಪಾತ್ರೆ ಹಿಡಿದುಕೊಂಡು ಹೋದ.

ಆ ವರ್ಷ ಬೆಳೆಹಬ್ಬದ ಸಂಜೆಗೆ ಬ್ಯಾಂಡಿನ ಕಛೇರಿ ಇಟ್ಟರು. ಸಾಹುಕಾರ ಮಾಸ್ತರರ ಹತ್ತಿರ ಹೋಗಿ, "ಕಡೆಗೆ ಆ ಸಂಜೆಯ ಹಾಡೇ ಇರಲಿ. ಕೊನೆಯ ಸ್ವರ ನಾನೊಬ್ಬನೇ ಊದುತ್ತೇನೆ. ಒಂದೇ ಉಸಿರು, ಹದಿನೆಂಟು ಎಣಿಕೆ. ಅವಳ ಹೆಸರಿನಲ್ಲಿ," ಎಂದ. ಮಾಸ್ತರರು ಅವನ ಮುಖ ನೋಡಿ ಹಾಳೆಯನ್ನು ಅವನ ಕೈಗೆ ಕೊಟ್ಟರು. ಸಾಹುಕಾರ ರಬ್ಬರು ತೆಗೆದು ಆ ಸ್ವರದ ಮೇಲಿದ್ದ ಕೆಂಪು ಗುರುತನ್ನೂ ನೀಲಿ ಗುರುತನ್ನೂ ತಿಕ್ಕಿ ಅಳಿಸಿದ. ಹಾಳೆ ಹರಿಯುವುದೊಂದು ಬಾಕಿ.

"ನೀನು ಆ ಹೊತ್ತಿಗೆ ಕಾರ್ನೆಟ್ ತೊಡೆ ಮೇಲಿಟ್ಟುಕೋ. ಬಾಯಿಗೆ ಮುಟ್ಟಿಸಕೂಡದು," ಎಂದು ಕಲಾಯಿಯವನಿಗೆ ತಾಕೀತು ಮಾಡಿದ.

"ಆಗಲಿ ಸಾಹುಕಾರ್ರೇ."

"ನಾನು ಹೇಳಿದ್ದು ಗೊತ್ತಾಯಿತೋ ಇಲ್ಲವೋ?"

"ಗೊತ್ತಾಯ್ತು ಸಾಹುಕಾರ್ರೇ. ತೊಡೆ ಮೇಲೆ."

ಬೆಳೆಹಬ್ಬ ಬಂತು. ಆ ದಿನ ಚರ್ಚಿನ ಅಂಗಳ ನೋಡಬೇಕಿತ್ತು! ಹರಕೆಯ ಕುಂಬಳಕಾಯಿ, ಬಾಳೆಗೊನೆ, ಹುಂಜ ಎಲ್ಲ ಸವಾಲು ಕೂಗಿ ಹರಾಜು ಮುಗಿದು, ಗೆದ್ದವರು ಗೆದ್ದದ್ದನ್ನು ಮಡಿಲಲ್ಲಿಟ್ಟುಕೊಂಡೇ ಕಛೇರಿಗೆ ಕೂತಿದ್ದರು. ಡ್ರಮ್ಮು ಬಡಿದಾಗಲೆಲ್ಲ ಯಾರದೋ ಮಡಿಲಿನ ಹುಂಜ ಕೂಗುತ್ತಿತ್ತು, ಜನ ನಗುತ್ತಿದ್ದರು. ಅಂಚೆಯವನು ಉತ್ಸಾಹದಲ್ಲಿ ನೂಕಿ ಮುಂದಿನವನ ಟೋಪಿಯನ್ನು ಎರಡು ಸಲ ಬೀಳಿಸಿದ.

ಕಡೆಗೆ ಸಂಜೆಯ ಹಾಡು ಬಂತು. ಅಂಗಳ ತಾನಾಗಿ ಸದ್ದಡಗಿತು. ಬಿಸಿಲು ಇಳಿದು ಹಿತ್ತಾಳೆಯ ಮೇಲೆಲ್ಲ ಹೊಂಬಣ್ಣ. ಹಾಡು ಸಾಗಿತು, ಕೊನೆಯ ಸಾಲಿಗೆ ಬಂತು. ಮಿಕ್ಕವರು ನಿಲ್ಲಿಸಿದರು. ಮಾಸ್ತರರ ಕೈ ಮೇಲೇರಿತು. ಸಾಹುಕಾರ ಎದೆ ತುಂಬ ಉಸಿರೆಳೆದು ಸ್ವರ ಹಿಡಿದ.

ಒಂದು, ಎರಡು, ಮೂರು... ಸ್ವರ ಎಳೆದ ದಾರದ ಹಾಗೆ ನೇರ. ಆರು, ಏಳು... ಅವನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಅವನ ನಾದಿನಿ ಕೂತಿದ್ದಳು, ಹೆಂಡತಿಯ ಒಡಹುಟ್ಟಿದ ತಂಗಿ. ಆಕೆ ಕೈ ಎತ್ತಿದ್ದಳು. ಬೆರಳು ಮಡಚುತ್ತಿದ್ದಳು. ಅದೇ ಕೈ, ಅದೇ ರೀತಿ, ಕಿರುಬೆರಳಿನಿಂದ ಶುರು ಮಾಡಿ. ಹತ್ತು ಬೆರಳೂ ಮಡಚಿ ಆಯಿತು. ಮತ್ತೆ ಕೈ ಬಿಚ್ಚಿದಳು.

ಹನ್ನೊಂದು. ಅಷ್ಟೆ. ನಾಲ್ಕು ತಿಂಗಳಿಂದ ಅದುಮಿಟ್ಟ ಅಳು ಉಕ್ಕಿ ಬಂತು. ಉಸಿರು ಹೋಯಿತು. ತುಟಿ ಕಾರ್ನೆಟ್ಟಿಗೆ ಅಂಟಿದೆ, ಒಳಗೆ ಗಾಳಿಯಿಲ್ಲ. ಕಣ್ಣಲ್ಲಿ ನೀರು. ಮುಗಿಯಿತು, ಎಲ್ಲರೆದುರು ಮುಗಿಯಿತು, ಅವಳ ಹಾಡನ್ನು ನಾನೇ ಹಾಳು ಮಾಡಿದೆ ಎಂದುಕೊಂಡ.

ಆದರೆ ಸ್ವರ ನಿಲ್ಲಲಿಲ್ಲ!

ಕೇಳಿದಿರಾ? ಅವನು ಊದುತ್ತಿಲ್ಲ, ಸ್ವರ ನಿಲ್ಲಲಿಲ್ಲ. ಒಂದು ಗಳಿಗೆ ಅವನು ಅದು ತನ್ನದೇ ಎಂದುಕೊಂಡ. ಆಮೇಲೆ ಓರೆಗಣ್ಣಿನಿಂದ ನೋಡಿದ. ತೊಡೆಯ ಮೇಲೆ ಇರಬೇಕಾದ ಕಾರ್ನೆಟ್ ಕಲಾಯಿಯವನ ಬಾಯಲ್ಲಿತ್ತು. ಅವನು ಸ್ಟ್ಯಾಂಡಿನ ಮರೆಗೆ ಬಗ್ಗಿ, ಎದುರಿನ ಹಾಳೆ ನೋಡುತ್ತ, ಪಕ್ಕಕ್ಕೆ ಒಂದು ಸಲವೂ ತಿರುಗದೆ ಊದುತ್ತಿದ್ದ. ಸಾಹುಕಾರ ವಾದ್ಯದ ಮರೆಯಲ್ಲಿ ಅತ್ತ. ಇಡೀ ಊರಿನ ಎದುರು ಅತ್ತ, ಯಾರಿಗೂ ಕಾಣಲಿಲ್ಲ. ಅತ್ತು ಹಗುರಾಗಿ, ಉಸಿರೆಳೆದು, ಮತ್ತೆ ಸ್ವರಕ್ಕೆ ಬಂದು ಸೇರಿಕೊಂಡ. ಇಬ್ಬರೂ ಕೂಡಿ ಮಾಸ್ತರರ ಕೈ ಇಳಿಯುವ ತನಕ ಹಿಡಿದರು.

ನಾದಿನಿ ಎದ್ದು ನಿಂತು ಕೂಗಿದಳು, "ಇಪ್ಪತ್ತಾರು!"

ಅಂಗಳಕ್ಕೆ ಅಂಗಳವೇ ಎದ್ದಿತು. ಕುಂಬಳಕಾಯಿಗಳು ಉರುಳಿದವು, ಹುಂಜ ಕೈ ತಪ್ಪಿಸಿಕೊಂಡಿತು. ಜನ ಬಂದು ಸಾಹುಕಾರನ ಕೊರಳಿಗೆ ಹಾರ ಹಾಕಿದರು. "ಏನು ಉಸಿರು! ಇಂಥ ಉಸಿರು ಈ ಸೀಮೆಯಲ್ಲೇ ಇಲ್ಲ!" ಕಲಾಯಿಯವನು ಒಂದು ಕಡೆ ಬಗ್ಗಿ ಕೂತು ಕಾರ್ನೆಟ್ಟಿನೊಳಗೆ ಕೂಡಿದ ಉಸಿರಿನ ನೀರು ಕೊಡವುತ್ತಿದ್ದ.

ಈಗ ಹೇಳಿ, ಸಾಹುಕಾರ ಏನು ಮಾಡಬೇಕು? ಗೊತ್ತಿರುವುದು ಇಬ್ಬರಿಗೆ. ಒಬ್ಬ ಬಾಯಿ ಬಿಡುವವನಲ್ಲ. ಹಾರ ಕೊರಳಲ್ಲಿದೆ. ಸುಮ್ಮನಿದ್ದರೆ ಸಾಯುವ ತನಕ ಇಪ್ಪತ್ತಾರರ ಸಾಹುಕಾರ! ನೀವಾಗಿದ್ದರೆ? ಬೇಡ, ಉತ್ತರ ಹೇಳಬೇಡಿ.

ಅವನು ಹಾರದ ಸಮೇತ ಹೋಗಿ ಕಲಾಯಿಯವನ ಎದುರು ನಿಂತ.

"ತೊಡೆ ಮೇಲಿಟ್ಟುಕೋ ಅಂದಿದ್ದೆನಲ್ಲ. ಯಾವಾಗ ಎತ್ತಿಕೊಂಡೆ?"

"ಏಳು ಎಣಿಸೋ ಹೊತ್ತಿಗೇ ನಿಮ್ಮ ಭುಜ ನಡುಗ್ತಿತ್ತು ಸಾಹುಕಾರ್ರೇ. ತೂತು ಬೀಳೋ ಜಾಗ ನಮಗೆ ಮೊದಲೇ ಗೊತ್ತಾಗತ್ತೆ. ದಿನಾ ಅದೇ ಕೆಲಸ."

"ಅಷ್ಟು ಹೊತ್ತು ಹಿಡಿದೆಯಲ್ಲ, ನೀನು ಯಾವಾಗ ಉಸಿರು ತಗೊಂಡೆ?"

"ನೀವು ವಾಪಸ್ ಬಂದ ಮೇಲೆ."

ಸಾಹುಕಾರ ತನ್ನ ಕೊರಳಿನ ಹಾರ ತೆಗೆದು ಅವನ ಕೊರಳಿಗೆ ಹಾಕಿದ. ಜನರ ಕಡೆ ತಿರುಗಿ, "ಹನ್ನೊಂದು ನನ್ನದು. ಆಮೇಲೆ ನಾನು ಅಳುತ್ತಿದ್ದೆ. ಸ್ವರ ಹಿಡಿದವನು ಇವನು. ಹದಿನೆಂಟು ನನ್ನ ಕೈಲಾಗಲಿಲ್ಲ, ಅವಳಿಗೆ ಕೊಟ್ಟ ಮಾತು ತಪ್ಪಿತು," ಎಂದ.

ಆಗ ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಗುತ್ತ ಹೇಳಿದಳು, "ಭಾವ, ನಿಮಗೆ ಯಾವತ್ತೂ ಹದಿನೆಂಟು ಆಗಿಯೇ ಇಲ್ಲ."

"ಏನಂದೆ?"

"ಅಕ್ಕ ಹತ್ತರ ತನಕ ಒಂದೊಂದೇ ಬೆರಳು ಮಡಚುತ್ತಿದ್ದಳು. ನಿಮ್ಮ ಮುಖ ಬದನೆಕಾಯಿ ಆಗುತ್ತಿದ್ದ ಹಾಗೆ ಎರಡೆರಡೇ ಮಡಚುತ್ತಿದ್ದಳು. ನಾನೇ ಎಷ್ಟು ಸಲ ನೋಡಿಲ್ಲ! ಕೇಳಿದರೆ, 'ಪಾಪ, ಅಷ್ಟು ಕಷ್ಟಪಡ್ತಾರೆ, ನಾಲ್ಕು ನನ್ನ ಲೆಕ್ಕದಲ್ಲಿ ಇರಲಿ ಬಿಡೇ,' ಅನ್ನೋಳು."

ಮಾಸ್ತರರು ಮೆಲ್ಲಗೆ ಜೇಬಿನಿಂದ ಗಡಿಯಾರ ತೆಗೆದು, ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು. ಮೊದಲು ನಕ್ಕವನು ಸಾಹುಕಾರನೇ. ಅಳುತ್ತಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಾಲ್ಕು ತಿಂಗಳ ಮೇಲೆ ನಕ್ಕ. ಅವನ ಜೊತೆ ಅಂಗಳವೆಲ್ಲ ನಕ್ಕಿತು.

ಜನ ಚದುರಿದ ಮೇಲೆ ಅವನು ಹಾಳೆ ಬಿಡಿಸಿ, ಮಾಸ್ತರರ ಪೆನ್ಸಿಲ್ಲು ಇಸಕೊಂಡು, ತಾನೇ ಅಳಿಸಿದ ಜಾಗದಲ್ಲಿ ಕೆಂಪು ಗುರುತು ಹಾಕಿದ. ಆಮೇಲೆ ಕಲಾಯಿಯವನನ್ನು ಕೇಳಿದ, "ಆವತ್ತಿನ ಗಂಜಿ ಇದೆಯೇನಯ್ಯಾ?"

"ಅದು ಆವತ್ತೇ ಮಕ್ಕಳ ಪಾಲಾಯ್ತು ಸಾಹುಕಾರ್ರೇ. ಬನ್ನಿ, ಹೊಸದು ಬೇಯಿಸೋಣ."

ಇಬ್ಬರೂ ಒಂದೇ ದಾರಿಯಲ್ಲಿ ನಡೆದು ಹೋದರು. ಕಥೆ ಇಷ್ಟು.

ನಗು ಬಂತಲ್ಲ? ಒಳ್ಳೆಯದು. ಸಾಹುಕಾರನನ್ನು ನೋಡಿ ನಕ್ಕಿರೋ, ನಿಮ್ಮನ್ನು ನೋಡಿಕೊಂಡು ನಕ್ಕಿರೋ? ನಮ್ಮಲ್ಲಿ ಯಾರಿಗೆ ತಾನೇ ಹದಿನೆಂಟು ಆಗಿದೆ? ನಾವು ಇಲ್ಲಿಯ ತನಕ ಬಂದದ್ದು ನಮ್ಮದೇ ಉಸಿರಿನಿಂದ ಎಂದುಕೊಂಡಿದ್ದೇವೆ. ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಹೆಂಡತಿ, ಯಾರೋ ಒಬ್ಬ ಜೊತೆಗಾರ ನಮಗೆ ಕಾಣದ ಹಾಗೆ ಎರಡೆರಡು ಬೆರಳು ಮಡಚಿದ್ದಾರೆ. ಅವರ ಕೈಯಿಂದ ಅದನ್ನು ಮಾಡಿಸಿದವನು ದೇವರು. ಅದು ನಮಗೆ ಗೊತ್ತಾಗುವುದು ಆ ಕೈ ಇಲ್ಲವಾದ ಮೇಲೆ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ನಿಮ್ಮ ಬೀದಿಯಲ್ಲಿ ಯಾರಾದರೂ "ನಾನು ಚೆನ್ನಾಗಿದ್ದೇನೆ" ಎಂದು ತೀರಾ ಬೇಗ ಹೇಳಿದರೆ ಅವರ ಭುಜ ನೋಡಿ. ಏನು ಬೇಕು ಎಂದು ಕೇಳುತ್ತ ನಿಲ್ಲಬೇಡಿ. ಅವರ ಕೊಡ ನೀವು ತುಂಬಿಸಿ, ಅವರ ಮಗುವನ್ನು ಶಾಲೆಗೆ ನೀವು ಬಿಟ್ಟು ಬನ್ನಿ. ಮಾಡಿದ ಮೇಲೆ ಆ ಕಡೆ ತಿರುಗಿ ನೋಡಬೇಡಿ. ಮನೆಯಲ್ಲಿ ಗಂಡ ಸೋತ ದಿನ ಹೆಂಡತಿಯೂ ಸಿಡುಕಿದರೆ, ಹೆಂಡತಿ ಸೋತ ದಿನ ಗಂಡನೂ ಮುಖ ತಿರುಗಿಸಿದರೆ, ಅಲ್ಲೇ ತೂತು ಬಿತ್ತು. ಇಬ್ಬರೂ ಒಟ್ಟಿಗೆ ನಿಲ್ಲಿಸಬೇಡಿ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಿಮ್ಮ ಬಾಗಿಲಿಗೆ ಯಾರಾದರೂ ಪಾತ್ರೆ ಹಿಡಿದು ಬಂದರೆ ಹಿಂದೆ ಕಳಿಸಬೇಡಿ. ಹಸಿವಿಲ್ಲ ಎನ್ನಬೇಡಿ. ಮರುದಿನವೇ ಅದನ್ನು ತುಂಬಿಸಿ ಕೊಟ್ಟು ಮುಯ್ಯಿ ತೀರಿಸುವ ಹಟವೂ ಬೇಡ. ಕೂತು ಉಣ್ಣಿ. ಕಳೆದ ತಿಂಗಳು ನೀವು ಒಬ್ಬ ಮುದುಕನ ಬಾಗಿಲಿಗೂ ಪಾತ್ರೆ ತಂದಿರಿ. ಮೊದಲನೆಯದನ್ನು ಅವನೂ ಹಿಂದೆ ಕಳಿಸಿದ. ಎರಡನೆಯದನ್ನು ಉಂಡ. ಉಂಡದ್ದರಿಂದಲೇ ಇವತ್ತು ನಿಮ್ಮ ಎದುರು ನಿಂತು ಮಾತಾಡುತ್ತಿದ್ದಾನೆ.

ಈಗ ಎಲ್ಲರೂ ಎದ್ದು ನಿಲ್ಲಿ, ಸಂಜೆಯ ಹಾಡು ಹಾಡೋಣ. ಪಕ್ಕದಲ್ಲಿ ಯಾರಿದ್ದಾರೆ ಎಂದು ಒಂದು ಸಲ ನೋಡಿಕೊಳ್ಳಿ. ಅವರ ದನಿ ತಗ್ಗಿದ ಕಡೆ ನೀವು ಏರಿಸಿ. ನನ್ನ ದನಿ ನಡುವೆ ಎಲ್ಲಾದರೂ ನಿಂತರೆ ನೀವು ನಿಲ್ಲಿಸಬೇಡಿ. ಹಾಡುತ್ತಿರಿ. ನಾನು ಬಂದು ಸೇರಿಕೊಳ್ಳುತ್ತೇನೆ.