ಅಳಿಯನ ಕಾರಿಗೆ ಮಾವನ ಟ್ಯಾಂಕು

ಇಲ್ಲ ಇಲ್ಲ ಇಲ್ಲ, ಅಳಿಯಂದ್ರೇ, ತಪ್ಪು ಟ್ಯಾಂಕಿನದ್ದಲ್ಲ! ಅದನ್ನ ಮೊದಲು ತಲೆಯಿಂದ ತೆಗೀರಿ. ಕೂತ್ಕೊಳ್ಳಿ... ಆ ಸ್ಟೂಲ್ ಮೇಲಲ್ಲ, ಅದರ ಕಾಲು ಅಲ್ಲಾಡುತ್ತೆ. ಈ ಡ್ರಮ್ ಮೇಲೆ ಕೂತ್ಕೊಳ್ಳಿ. ಹಾಂ. ನನ್ನ ಶೆಡ್ಡಲ್ಲಿ ಕುರ್ಚಿ ಅಂತ ಇಲ್ಲ. ದೊಡ್ಡ ದೊಡ್ಡ ಹೋಟೆಲಿನ ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಇಲ್ಲಿಂದ ಹೊರಗೆ ಹೋಗಿವೆ, ಒಂದು ಕುರ್ಚಿ ಮಾತ್ರ ಒಳಗೆ ಬಂದಿಲ್ಲ. ಕೂತು ಮಾಡೋದು ಕೆಲಸಾನೇ ಅಲ್ಲ... ಯಾಕೆ ನಗ್ತೀರಿ? ಓ, ನಿಮ್ಮನ್ನ ಕೂತ್ಕೊಳ್ಳಿ ಅಂದೆ ಅಂತಲಾ! ನೀವು ಅಳಿಯ, ನಿಮಗೆ ಬೇರೆ ಕಾನೂನು.

ಈಗ ವಿಷಯಕ್ಕೆ ಬರೋಣ. ನನ್ನ ಮಗಳು ಊಟದ ಹೊತ್ತಿಗೆ ಬರ್ತಾಳೆ. ಬಂದವಳೇ ಕೇಳ್ತಾಳೆ, ಕಾರ್ ಯಾಕೆ ದಾರೀಲಿ ನಿಲ್ತು ಅಂತ. ಆಗ ನೀವು ಒಂದು ಮಾತು ಹೇಳ್ಬೇಕು. ಒಂದೇ ಮಾತು. "ಮುಚ್ಚಳ ಸರಿ ಇರ್ಲಿಲ್ಲ." ಅಷ್ಟೇ! ಅದೇನು ಸುಳ್ಳಲ್ಲ. ಮುಚ್ಚಳ ಅಂಗಡಿಯಿಂದ ತಂದಿದ್ದು, ಟ್ಯಾಂಕು ನಾನು ಮಾಡಿದ್ದು. ಅಂಗಡಿ ಮುಚ್ಚಳದ ಮೇಲೆ ಯಾರು ಬೇಕಾದ್ರೂ ಅನುಮಾನ ಪಡಬಹುದು... ಹಾಗೆ ನೋಡ್ಬೇಡಿ ನನ್ನ! ಆಕೆ ನಿಮಗೆ ಹೆಂಡ್ತಿ, ನನಗೆ ಮಗಳು, ಆದ್ರೆ ಹೆದರೋದು ಇಬ್ಬರೂ ಒಂದೇ ಥರ. ಅದರಲ್ಲಿ ನಾವು ಒಂದೇ ಪಾರ್ಟಿ.

ಅವಳದ್ದು ಒಂದೇ ರಾಗ. "ಅಪ್ಪಾ, ಸಾಕು, ಶೆಡ್ಡಿಗೆ ಬೀಗ ಹಾಕು, ಮನೇಲಿ ಆರಾಮಾಗಿರು." ಆರಾಮ! ಮನೇಲಿ ಕೂತು ನಾನೇನು ಮಾಡ್ಲಿ, ಗೋಡೆ ಎಣಿಸ್ಲಾ? ನಾಲ್ಕೇ ಇವೆ! ಬೆಳಗ್ಗೆ ಕಾಫಿಗೆ ಮುಂಚೆ ಮುಗಿದುಹೋಗುತ್ತೆ! ಅಪ್ಪನ ಬೆಸುಗೆ ಬಿಟ್ಕೊಂಡು ಕಾರು ನಡುದಾರೀಲಿ ಹೊಗೆ ಕಾರ್ತು ಅಂತ ಅವಳಿಗೆ ಗೊತ್ತಾಯ್ತು ಅಂದ್ಕೊಳ್ಳಿ, ಇವತ್ತೇ ಈ ಬಾಗಿಲು ಮುಚ್ತು. ಇಷ್ಟು ವರ್ಷ ಸುತ್ತಿಗೆ ಹಿಡಿದ ಕೈಯಲ್ಲಿ ಟಿ.ವಿ. ರಿಮೋಟು! ನೀವೇ ಹೇಳಿ... ಹೇಳಲ್ಲ. ಗೊತ್ತು. ನಿಮ್ಮ ಬಾಯಿಂದ ಮಾತು ಹೊರಡಿಸೋದಕ್ಕಿಂತ ತುಕ್ಕು ಹಿಡಿದ ನಟ್ಟು ಬಿಚ್ಚೋದು ಸುಲಭ.

ಅಲ್ಲ, ಈ ಟ್ಯಾಂಕು ನಾನು ಸುಮ್ಮನೆ ಮಾಡಿದ್ನಾ? ನಿಮ್ಮ ಕಾರು ಮೊದಲ ಸಲ ಇಲ್ಲಿಗೆ ತಂದಾಗ ಬಾನೆಟ್ ಎತ್ತಿ ತೋರಿಸಿದ್ರಲ್ಲ. ಏನ್ ಇಂಜಿನ್ ರೀ ಅದು! ಟರ್ಬೋ ಅಂತೆ, ಕಾಲಿಟ್ರೆ ಸಾಕು ಬೆನ್ನು ಸೀಟಿಗೆ ಅಂಟ್ಕೊಳ್ಳುತ್ತಂತೆ! ಎಲ್ಲಾ ಮಿರಮಿರ ಮಿಂಚ್ತಿದೆ... ಮೂಲೇಲಿ ನೋಡಿದ್ರೆ ಒಂದು ಪ್ಲಾಸ್ಟಿಕ್ ಡಬ್ಬಿ! ಬಿಳೀದು ಹಳದಿಗೆ ತಿರುಗಿದೆ. ಅರಮನೆ ಬಾಗಿಲಲ್ಲಿ ಹಳೇ ಬಕೆಟ್ ಇಟ್ಟ ಹಾಗೆ! ಇದೇನು ಅಂದೆ. ಕೂಲೆಂಟ್ ಟ್ಯಾಂಕು ಮಾವ, ಇಂಜಿನ್ ಕಾದಾಗ ಆ ಹಸಿರು ನೀರು ಹಿಗ್ಗಿ ಇದಕ್ಕೆ ಬರುತ್ತೆ, ಆರಿದ ಮೇಲೆ ವಾಪಸ್ ಹೋಗುತ್ತೆ ಅಂದ್ರಿ. ಅಷ್ಟೇ ತಾನೆ? ಉಕ್ಕಿದ್ದು ಚೆಲ್ಲದ ಹಾಗೆ ಹಿಡ್ಕೊಳ್ಳೋ ಪಾತ್ರೆ! ನಾನು ಹುಟ್ಟಿದಾಗಿಂದ ಮಾಡಿರೋದೇ ಅದು! ಅವತ್ತೇ ಹೇಳಿದೆ, ಆ ಡಬ್ಬಿ ಕಿತ್ತು ಹಾಕಿ, ಕನ್ನಡಿ ಥರ ಹೊಳೆಯೋ ಅಲ್ಯೂಮಿನಿಯಂ ಟ್ಯಾಂಕು ನಾನು ಮಾಡಿಕೊಡ್ತೀನಿ, ಮಾವನ ಕಡೆಯಿಂದ ಉಡುಗೊರೆ.

ಆಗ ನೀವೇನಂದ್ರಿ? "ಪ್ಲಾಸ್ಟಿಕ್ಕಾದ್ರೆ ಒಳಗೆ ಎಷ್ಟಿದೆ ಅಂತ ಹೊರಗಿಂದಲೇ ಕಾಣುತ್ತೆ ಮಾವ." ನೀವು ನನಗೆ ಎದುರು ಹೇಳಿರೋ ಮಾತು ಅದೊಂದೇ. ಪಾತ್ರೆ ಮಾಡಿದೋನ ಮೇಲೆ ನಂಬಿಕೆ ಇದ್ರೆ ಒಳಗೆ ಯಾಕ್ರೀ ಇಣುಕಬೇಕು ಅಂದೆ. ಆ ಕಾರನ್ನ ನೀವು ಒರೆಸೋದು ನೋಡಿದ್ರೆ ನನ್ನ ಮಗಳಿಗೇ ಹೊಟ್ಟೆಕಿಚ್ಚು, ಅಂಥಾ ಕಾರಿಗೆ ನನ್ನ ಕೆಲಸ ಹಾಕಿಸ್ಕೊಂಡ್ರಲ್ಲ... ನಿಜ ಹೇಳ್ತೀನಿ, ಅವತ್ತು ಮನೆಗೆ ಹೋಗಿ ನಿಮ್ಮ ಅತ್ತೆ ಹತ್ರ ಎರಡು ಸಲ ಊಟ ಬಡಿಸ್ಕೊಂಡೆ. ಅಷ್ಟು ಖುಷಿ.

ಇವತ್ತು ನೋಡಿ! ಏರು ಹತ್ತುವಾಗ ಕಾವಿನ ಮುಳ್ಳು ಮೇಲೆ ಹೋಗ್ತಾ ಇತ್ತಂತೆ. ನಾನು ಪಕ್ಕದಲ್ಲೇ ಇದ್ನಲ್ಲ, ನನಗೆ ಕಾಣ್ಲಿಲ್ಲ... ಬಿಸಿಲು, ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಬಾನೆಟ್ಟಿಂದ ಬುಸ್ ಅಂತ ಹಬೆ! ನೀವು ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಿದ್ರಿ, ಇಂಜಿನ್ ಬದುಕ್ತು. ನಾನು ಮುಚ್ಚಳಕ್ಕೆ ಕೈ ಹಾಕೋಕೆ ಹೋದ್ರೆ ಹಿಡಿದು ಎಳೆದ್ರಿ. ಆರೋ ತನಕ ಕಾದು, ಡಿಕ್ಕಿಯಿಂದ ನೀರಿನ ಕ್ಯಾನು ತಂದು ಹೊಯ್ದು, ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಹೊಯ್ದು... ಕೂಸಿಗೆ ಹಾಲು ಕುಡಿಸ್ಕೊಂಡು ಬಂದ ಹಾಗೆ ಬಂದ್ವಿ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಏಳು ತಲೆಮಾರನ್ನ ಬೈತಿದ್ರು. ನೀವು ದಾರಿಯುದ್ದಕ್ಕೂ ರೇಡಿಯೋ ಸಣ್ಣಗೆ ಹಾಕ್ಕೊಂಡು ಬಂದ್ರಿ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು ನೋಡಿ.

ಕೊಡಿ ಇಲ್ಲಿ, ಬಿಚ್ಚಿರೋ ಟ್ಯಾಂಕು. ಆ ಉಜ್ಜೋ ಅರ ಕೊಡಿ... ಅದೇ, ನಿಮ್ಮ ಮುಂದೆ ಇರೋದು. ಏನು? ಇದು ಸ್ಕ್ರೂಡ್ರೈವರಾ? ಗೊತ್ತು, ಗೊತ್ತು! ನಿಮಗೆ ಗೊತ್ತಾ ಅಂತ ಪರೀಕ್ಷೆ ಮಾಡ್ದೆ. ಈ ಟ್ಯೂಬ್‌ಲೈಟು ಬೇರೆ ಮಂಕಾಗಿದೆ. ಹೊಸದಾ? ಹೋದ ವಾರ ನೀವೇ ಹಾಕಿದ್ದಾ? ಈಗಿನ ಕಾಲದ ಟ್ಯೂಬ್‌ಲೈಟೇ ಅಷ್ಟು ಬಿಡಿ.

ಇಗೋ, ಬೆಸುಗೆ ಸಾಲು ನೋಡಿ. ನೆಟ್ಟಗೆ... ಸುಮಾರಾಗಿ ನೆಟ್ಟಗಿದೆ. ಇಲ್ಲಿ ಸ್ವಲ್ಪ ಅಂಕುಡೊಂಕು ಇರೋದು ಬೇಕಂತಲೇ. ಮತ್ತೆ ನಗ್ತೀರಲ್ಲ! ಆಯ್ತು, ಬಾಯಿ ಮಾತು ಬೇಡ. ಬನ್ನಿ, ಪರೀಕ್ಷೆ ಮಾಡೇ ಬಿಡೋಣ. ಕಾರಿಗೆ ಹಾಕಿದ ದಿನ ಮಾಡಿದ ಹಾಗೇ. ತೂತುಗಳಿಗೆ ರಬ್ಬರ್ ಬಿರಡೆ ಹಾಕಿ... ನೀವೇ ಹಾಕಿ, ನಿಮ್ಮ ಬೆರಳು ಸಣ್ಣ. ಗಾಳಿ ಪೈಪು ಸಿಕ್ಸಿ. ಈಗ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡ್ಕೊಳ್ಳಿ, ಪೂರ್ತಿ ಮುಳುಗ್ಬೇಕು. ಕಂಪ್ರೆಸರ್ ಹಾಕ್ತೀನಿ. ಇದರ ಗಲಾಟೇಲಿ ನೀವು ಮಾತಾಡಿದ್ರೂ ಕೇಳ್ಸಲ್ಲ, ಹೇಗೂ ನೀವು ಮಾತಾಡಲ್ಲ!

ನೋಡಿ! ನೋಡಿ ನೋಡಿ! ಟ್ಯಾಂಕು ಸೋರ್ತಿದ್ರೆ ಗುಳ್ಳೆ ಬರ್ಬೇಕಿತ್ತು. ಬಂತಾ? ಎಲ್ಲಿ? ತಿಳಿನೀರು, ಕಲ್ಲು ಹಾಕದ ಕೊಳ! ನಾನು ಹೇಳ್ಲಿಲ್ವಾ, ಮುಚ್ಚಳ ಅಂತ! ಹೇಳಿ ಈಗ, ಒಂದು ಗುಳ್ಳೆ ಇದೆಯಾ?

ಹೇಳಿ.

ಅಳಿಯಂದ್ರೇ... ಇಲ್ಲ ಅನ್ನಿ. ತಲೆ ಆದ್ರೂ ಆಡಿಸಿ. ಇಷ್ಟು ಹತ್ರ ಇದ್ದೀರಿ, ನಿಮಗೆ ಕಾಣುತ್ತೆ ತಾನೆ, ಗುಳ್ಳೆ ಇಲ್ಲ ಅಂತ? ಯಾಕೆ ಹೀಗೆ... ನನ್ನ ಕೈ ಯಾಕೆ ಹಿಡೀತೀರಿ? ಅಂಗಿ ತೋಳು ಮಡಚ್ತಾ ಇದ್ದೀರಲ್ಲ, ಏನ್ ಮಾಡ್ತೀರಿ... ಅಯ್ಯೋ, ತಣ್ಣಗಿದೆ ನೀರು...

ಓ.

ಓ... ಇದು ಗುಳ್ಳೆ. ಅಂಗೈಗೆ ಕಚಗುಳಿ ಇಟ್ಟ ಹಾಗೆ... ಇಲ್ಲೂ ಇದೆ. ಇಲ್ಲೂ. ಸಾಲಿನ ಉದ್ದಕ್ಕೂ... ದಬದಬ ಬರ್ತಾ ಇದೆಯಲ್ರೀ.

ಕಂಪ್ರೆಸರ್ ಆರಿಸಿ.

ಕೈ ಬಿಡ್ಬೇಡಿ, ಇರ್ಲಿ. ಒಂದು ಮಾತು. ಟ್ಯಾಂಕು ಕಾರಿಗೆ ಹಾಕಿದ ದಿನವೂ ಇದೇ ತೊಟ್ಟಿಯಲ್ಲಿ ಮುಳುಗಿಸಿದ್ವಿ. ಒಂದು ಗುಳ್ಳೆ ಇಲ್ಲ ಅಂತ ನಾನು ಕುಣಿದೆ, ನೀವು ಪಕ್ಕದಲ್ಲಿ ಇದೇ ಥರ ಸುಮ್ಮನೆ ನಿಂತಿದ್ರಿ. ಅವತ್ತೂ ಬರ್ತಿತ್ತು, ಅಲ್ವಾ? ಸಣ್ಣಗೆ? ಒಂದೊಂದೇ?... ಅದಕ್ಕೇ ಡಿಕ್ಕಿಯಲ್ಲಿ ನೀರಿನ ಕ್ಯಾನು! ಅಯ್ಯೋ ಮಹಾನುಭಾವ! ಸೋರುತ್ತೆ ಅಂತ ಗೊತ್ತಿದ್ದೂ, ಪ್ರಾಣದ ಹಾಗೆ ನೋಡ್ಕೊಳ್ಳೋ ಕಾರಿಗೆ ಕಟ್ಕೊಂಡು ತಿರುಗಿದ್ರಲ್ರೀ! ಮಾವನಿಗೆ ಬೇಜಾರಾಗುತ್ತೆ ಅಂತ ಇಂಜಿನ್ ಸುಟ್ಕೊಳ್ಳೋಕೆ ಹೊರಟಿದ್ರಾ? ನಿಮಗೆ ಬುದ್ಧಿ ಇದೆಯೇನ್ರೀ? ನನಗೆ ಅಳು ಬರ್ತಾ ಇದೆ, ನಗೂನೂ ಬರ್ತಾ ಇದೆ, ಯಾವುದನ್ನ ಮೊದಲು ಬಿಡ್ಲಿ ಹೇಳಿ!

ಕಣ್ಣೆಲ್ಲ ಮಂಜು, ಅಳಿಯಂದ್ರೇ. ಸ್ನಾನ ಮಾಡಿದ ಮೇಲೆ ಬಚ್ಚಲು ಕನ್ನಡಿ ಇರುತ್ತಲ್ಲ, ಹಾಗೆ. ಒರೆಸಿದ್ರೆ ಹೋಗುತ್ತೆ ಅಂತ ಅಂದ್ಕೊಂಡು ಕಣ್ಣು ಉಜ್ಜಿದ್ದೇ ಉಜ್ಜಿದ್ದು. ಡಾಕ್ಟರ ಹತ್ರ ಹೋದ್ರೆ ಅವರು ಕಣ್ಣು ನೋಡ್ತಾರೆ, ಮಗಳು ಶೆಡ್ಡಿನ ಬಾಗಿಲು ನೋಡ್ತಾಳೆ... ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಅವಳಿಗೆ ನೀವು ಹೇಳಿದ್ದೀರಾ? ಇಲ್ಲ? ಹೆಂಡ್ತಿಗೂ ಹೇಳಿಲ್ಲ!

ಅಗೋ, ಗೇಟು ಕಿರ್ ಅಂತು. ಬಂದ್ಳು. ಕಿವಿ ಮಾತ್ರ ಚುರುಕಾಗಿದೆ ನೋಡಿ. ಬೇಗ ಹೇಳಿ, ಮುಚ್ಚಳ ಅಂತೀರಾ?... ಅನ್ನಲ್ಲ. ನಿಜ ಹೇಳ್ತೀರಾ? ಅದೂ ಇಲ್ಲ. ಸುಳ್ಳೂ ಹೇಳಲ್ಲ, ಚಾಡೀನೂ ಹೇಳಲ್ಲ, ನನ್ನ ಒದ್ದೆ ಕೈ ಹಿಡ್ಕೊಂಡು ಸುಮ್ಮನೆ ನಿಂತಿದ್ದೀರಿ. ಎಂಥಾ ಮನುಷ್ಯರು ರೀ ನೀವು! ಇದಕ್ಕಿಂತ ಎರಡು ಏಟು ಹಾಕಿದ್ರೆ ಪರವಾಗಿರ್ಲಿಲ್ಲ. ಸರಿ. ಸರಿ, ಆಯ್ತು. ನನ್ನ ಮಗಳು, ನಾನೇ ಹೇಳ್ತೀನಿ.

ಬಾ ಮಗಳೇ, ಬಾ! ಅವರನ್ನ ಯಾಕೆ ಕೇಳ್ತೀಯ, ಅವರು ಏನೂ ಹೇಳಲ್ಲ. ಕಾರಿಗೆ ಏನೂ ಆಗಿಲ್ಲ, ಹಳೇ ಡಬ್ಬಿ ಹಾಕಿದ್ರೆ ಮತ್ತೆ ಹಾರುತ್ತೆ. ಮುಚ್ಚಳವೂ ಗಟ್ಟಿಯಾಗಿದೆ. ಇಲ್ಲಿ ನನ್ನ ಹತ್ರ ಬಾ, ಒಂದು ವಿಷಯ ಹೇಳ್ಬೇಕು. ಬೈಯೋದೆಲ್ಲ ಆಮೇಲೆ ಬೈಯ್ಯಿ. ಇಲ್ಲ, ಇನ್ನೂ ಹತ್ರ ಬಾ. ಅಷ್ಟು ದೂರದಲ್ಲಿ ನಿಂತ್ರೆ ನಿನ್ನ ಮುಖ ನನಗೆ ಕಾಣಲ್ಲ ಕಣೇ.